ಕೆಂಪು ಗೆರೆಯ ದಪ್ಪ

ಆ ಶುಕ್ರವಾರ ನಾನು ಚೀಸು ಈರುಳ್ಳಿ ಹಾಕಿ ಪೈ ಮಾಡಿದ್ದೆ. ತಳ ಹಿಡಿದಿತ್ತು. ರೋಲಂಡ್ ಸೀದ ಭಾಗವನ್ನೇ ಮೊದಲು ತಿಂದ. ನಲವತ್ತು ವರ್ಷ ಅವನದು ಇದೇ ಪಾಠ. ಕೆಟ್ಟದ್ದನ್ನು ಮೊದಲು ಮುಗಿಸಿ ಕೈ ತೊಳೆದುಕೊಳ್ಳಬೇಕು.

"ಸೀದಿದೆ ಅಂತ ಬಾಯಿ ಬಿಟ್ಟು ಹೇಳ್ಬಾರ್ದಾ?" ಅಂದೆ.

"ಹೇಳಿದ್ರೆ ಸೀದಿರೋದು ಹೋಗುತ್ತಾ?"

"ನಿನ್ ಹುಲ್ಲಿಗೆ ಒಂದು ಚುಕ್ಕೆ ಬಿದ್ರೆ ವಾರ ಪೂರ್ತಿ ಹೇಳ್ತೀಯ."

"ಹುಲ್ಲು ತಿರುಗಿ ಮಾತಾಡಲ್ಲ ನೋಡು," ಅಂದ. ತಟ್ಟೆ ಒರೆಸಿ ತಿಂದು ಎದ್ದ.

ನನ್ನ ಗಂಡ ರೋಲಂಡ್ ಹಾವರ್ತ್ ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಇಂಜಿನ್ ರಿಪೇರಿ ಮಾಡಿದ. ಅದು ಮುಗಿದ ಮೇಲೆ ನಮ್ಮ ಥಾರ್ನ್‌ಕ್ಲಫ್ ಬಡಾವಣೆಯ ಬೌಲ್ಸ್ ಅಂಕಣ ನೋಡಿಕೊಂಡ. ಭಾರದ ಚೆಂಡು ಉರುಳಿಸಿ ಆಡುವ ಹುಲ್ಲಿನ ಅಂಕಣ ಅದು. ನಡುವೆ ತಟ್ಟೆ ಮಗುಚಿದ ಹಾಗೆ ತುಸು ಉಬ್ಬು. ಆ ಉಬ್ಬು ಎಲ್ಲಿ ಎಷ್ಟು ಅನ್ನುವುದು ಅವನ ಅಂಗೈಗೆ ಗೊತ್ತಿತ್ತು. ಸಂಬಳ ಇರಲಿಲ್ಲ. ಕ್ರಿಸ್‌ಮಸ್‌ಗೆ ಒಂದು ಬಾಟಲಿ ವಿಸ್ಕಿ ಕೊಡುತ್ತಿದ್ದರು. ಆಡಲು ಬರುವವರು ರೇಗಿಸುತ್ತಿದ್ದರು, "ಅಷ್ಟೇ ಗೊಬ್ಬರ ತಲೆಗೆ ಹಾಕ್ಕೊಂಡಿದ್ರೆ ಬೋಳು ಆಗ್ತಿರ್ಲಿಲ್ಲ ಕಣೋ ರೋಲಂಡ್." ಅವನು ನಗುತ್ತಿರಲಿಲ್ಲ. ಅವರ ಬೂಟಿನ ತಳ ನೋಡುತ್ತಿದ್ದ.

ಆ ಸಂಜೆ ಮರುದಿನದ ಪಂದ್ಯಕ್ಕೆ ಹುಲ್ಲು ಕತ್ತರಿಸಿ ಬಂದ. ನಾನು ಜೊತೆಗೆ ಹೋಗಿದ್ದೆ, ಕ್ಲಬ್ಬಿನ ಟೀ ಟವೆಲ್‌ಗಳನ್ನು ತೊಳೆಯಲು ತರುವುದಿತ್ತು. ವಾಪಸು ಬರುವಾಗ ಬಸ್ ನಿಲ್ದಾಣದ ಬಳಿ ಕರ್ಟಿಸ್ ಪ್ಲಾಟ್ ಕೂತಿದ್ದ. ಹದಿನೆಂಟಕ್ಕೆ ಬಿದ್ದ ಹುಡುಗ, ಬಿಳಿ ಟೋಪಿ. ಅವನು ಒಂದು ಕಾಲನ್ನು ರಸ್ತೆಗೆ ಚಾಚಿದ.

"ರೋಲಿ ತಾತ, ನನ್ ಹೆಬ್ಬೆರಳು ಗೆರೆ ಒಳಗಡೆ ಇದೆ. ಪೊಲೀಸ್ ಕರಿ."

"ಬೆರಳು ತೊಳ್ಕೊಂಡು ಬಾ. ಆಮೇಲೆ ಕರೀತೀನಿ," ಅಂದ ರೋಲಂಡ್.

ಹುಡುಗರೆಲ್ಲ ನಕ್ಕರು. ಕರ್ಟಿಸ್ ಮಾತ್ರ ನಗಲಿಲ್ಲ. ಅದು ನನಗೆ ಆಗಲೇ ಹಿಡಿಸಲಿಲ್ಲ.

ಗೆರೆ ಅಂದರೆ ಕೋರ್ಟಿನ ಗೆರೆ. ಅದು ಹೇಗೆ ಬಂತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಎರಡು ವರ್ಷದಿಂದ ಕರ್ಟಿಸ್ ಮತ್ತು ಅವನ ಗುಂಪು ನಮ್ಮ ಕಡೆಯವರ ಜೀವ ತಿಂದಿದ್ದರು. ಅಂಗಡಿ ಗಾಜು, ಮುದುಕರ ಮೇಲೆ ಮೊಟ್ಟೆ, ಬಾಗಿಲಿನ ಟಪಾಲು ಕಂಡಿಯಲ್ಲಿ ಪಟಾಕಿ. ನಾನು ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಬಡಿಸಿದವಳು, ಅಷ್ಟೂ ಹುಡುಗರು ನನ್ನ ಸೌಟಿನ ಮುಂದೆ ತಟ್ಟೆ ಹಿಡಿದವರು. ಕರ್ಟಿಸ್ ಬಟಾಣಿ ತಿನ್ನುತ್ತಿರಲಿಲ್ಲ. ಒಂದೊಂದೇ ಆರಿಸಿ ಪಕ್ಕದವನ ತಟ್ಟೆಗೆ ಹಾಕುತ್ತಿದ್ದ. ಆಗ ಅದು ಚೆಂದ ಅನ್ನಿಸುತ್ತಿತ್ತು.

ಆಗ ಸರ್ಕಾರ ಹೊಸ ಕಾನೂನು ತಂದಿತ್ತು. ಪುಂಡಾಟ ಮಾಡುವವನು ಇಂತಲ್ಲಿಗೆ ಕಾಲಿಡಬಾರದು, ಇಂಥವರ ಜೊತೆ ಸೇರಬಾರದು ಎಂದು ಕೋರ್ಟು ಆದೇಶ ಕೊಡುತ್ತದೆ. ಮುರಿದರೆ ಜೈಲು. ಆದೇಶ ಬೇಕಾದರೆ ಸಾಕ್ಷಿ ಬೇಕು. ಪುರಸಭೆಯವರು ಮನೆಮನೆಗೆ ದಿನಚರಿ ಹಾಳೆ ಹಂಚಿದರು. ಏನಾಯಿತು, ಎಷ್ಟು ಹೊತ್ತಿಗೆ, ಯಾರು, ಎಲ್ಲ ಬರೆಯಬೇಕು. ಬೇರೆಯವರೆಲ್ಲ ಹೆಸರು ಹಾಕದೆ ಕೊಟ್ಟರು, ಹಾಗೆ ಕೊಡಬಹುದಿತ್ತು. ರೋಲಂಡ್ ಪ್ರತಿ ಹಾಳೆಯ ಕೆಳಗೂ ಪೂರ್ತಿ ಹೆಸರು ಬರೆದು ಸಹಿ ಮಾಡಿದ.

"ಹೆಸರು ಯಾಕೆ ಹಾಕ್ತೀಯ?" ಅಂದೆ.

"ಹೆಸರಿಲ್ದೆ ಬರೆಯೋದು ಪಾಯಿಖಾನೆ ಗೋಡೆ ಮೇಲೆ," ಅಂದ.

ಅವನು ಮಾಡಿದ ತಪ್ಪು ಅದು. ನಮ್ಮ ಕಾಲದ ಗಂಡಸರೆಲ್ಲ ಮಾಡುವ ತಪ್ಪು. ಮುಖ ತೋರಿಸಿ ಹೇಳಿದರೆ ಎದುರಿನವನು ಮರ್ಯಾದೆ ಕೊಡುತ್ತಾನೆ ಅಂದುಕೊಂಡಿದ್ದ.

ಪುರಸಭೆಯಿಂದ ಡೆನೀಸ್ ಎಂಬ ಹುಡುಗಿ ನಕಾಶೆ ಹಿಡಿದು ನಮ್ಮ ಅಡುಗೆಮನೆಗೆ ಬಂದಳು. ಎಲ್ಲಿಂದ ಎಲ್ಲಿಯವರೆಗೆ ನಿಷೇಧ ಬೇಕು ಎಂದು ರೋಲಂಡ್ ಬೆರಳಿಟ್ಟು ತೋರಿಸಿದ. ಅಂಕಣ, ಅಂಗಡಿ ಸಾಲು, ಲಾರ್ಚ್ ರಸ್ತೆ. ಲಾರ್ಚ್ ರಸ್ತೆಯ ಕೊನೆಗೆ ಬಂದಾಗ ಬೆರಳು ಎತ್ತಿದ.

"ಎರಡನೇ ನಂಬರ್ ಬಿಡಮ್ಮ. ಅದು ವಿನಿ ಪ್ಲಾಟ್ ಮನೆ. ಆ ಹುಡುಗನ ಅಜ್ಜಿ. ಅವನನ್ನ ಸಾಕಿದ್ದೇ ಅವಳು. ಅಲ್ಲಿಗೆ ಹೋಗ್ಲಿ."

"ಸರಿ, ಗೆರೆ ಅವರ ಮನೆ ಈಚೆಗೆ ಬರುತ್ತೆ," ಅಂದಳು ಡೆನೀಸ್. ಅವಳ ಚೀಲದಲ್ಲಿ ಇದ್ದದ್ದು ಬೋರ್ಡಿನ ಮೇಲೆ ಬರೆಯುವ ದಪ್ಪ ಕೆಂಪು ಪೆನ್ನು ಒಂದೇ. ಅದರಲ್ಲೇ ಎಳೆದಳು. ನಾನು ಚಹಾ ಸುರಿಯುತ್ತಿದ್ದೆ. ಎಲ್ಲ ಕೇಳಿಸಿತು. ಗೆರೆ ಹೆಬ್ಬೆಟ್ಟಿನ ಗುರುತಿನ ಹಾಗೆ ದಪ್ಪ ಬಿತ್ತು. ವಿನಿಯ ಮನೆ ಅದರ ಅಡಿಗೆ ಸಿಕ್ಕಿಹೋಯಿತು. ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ನನ್ನ ಕೆಲಸವಲ್ಲ ಎಂದು ಸುಮ್ಮನಿದ್ದೆ.

ಆದೇಶ ಬಂತು. ಕರ್ಟಿಸ್‌ನ ಫೋಟೋ, ಹೆಸರು, ನಕಾಶೆ ಅಚ್ಚು ಹಾಕಿ ಎಲ್ಲರ ಬಾಗಿಲಿಗೂ ಹಂಚಿದರು. ನಾಚಿಕೆಯಾಗಲಿ ಎಂದು. ಒಂದು ವಾರದಲ್ಲಿ ಚಿಕ್ಕ ಹುಡುಗರು ಆ ಹಾಳೆ ಹಿಡಿದು ಅವನ ಹತ್ತಿರ ಹೋಗಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ಅವನು ಒಂದಕ್ಕೆ ಕಟ್ಟು ಹಾಕಿಸಿ ಇಟ್ಟುಕೊಂಡ. "ಫೋಟೋ ಚೆನ್ನಾಗಿ ಬಂದಿದೆ ಅಲ್ವಾ ಬೆರಿಲ್ ಆಂಟಿ?" ಎಂದು ಅಂಗಡಿ ಮುಂದೆ ನನ್ನನ್ನೇ ಕೇಳಿದ. ಎರಡು ಸಲ ಗೆರೆ ಮುರಿದು ಅಂಗಡಿ ಸಾಲಿಗೆ ಬಂದ. ಮೊದಲ ಸಲ ದಂಡ. ಎರಡನೇ ಸಲ ರಾತ್ರಿ ಮನೆ ಬಿಡದಂತೆ ಮೂರು ತಿಂಗಳು ಕಾಲಿಗೆ ಬೀಪ್ ಅನ್ನುವ ಪಟ್ಟಿ ಕಟ್ಟಿದರು. ಅದನ್ನೂ ಪ್ಯಾಂಟು ಮಡಚಿ ತೋರಿಸಿಕೊಂಡು ತಿರುಗಿದ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ.

ಎಂಟೂವರೆ ಆಗಿತ್ತು, ಜೂನ್ ಆದ್ದರಿಂದ ಬೆಳಕು ಇನ್ನೂ ಚೆನ್ನಾಗಿತ್ತು. ರೋಲಂಡ್ ಸ್ನಾನಕ್ಕೆ ಇಳಿದಿದ್ದ. ನಾನು ಪಾತ್ರೆ ತೊಳೆಯುತ್ತಿದ್ದೆ. ಅಂಕಣದ ಕಡೆಯಿಂದ ಚಿಕ್ಕ ಮೋಟಾರು ಬೈಕಿನ ಸದ್ದು ಬಂತು. ಆಟಿಕೆಯಷ್ಟೇ ಇರುತ್ತವೆ, ಸದ್ದು ಮಾತ್ರ ಮರ ಕೊಯ್ಯುವ ಗರಗಸದ್ದು. ಒಂದೇ ಕಡೆ ಸುತ್ತುತ್ತಿತ್ತು. ಆಮೇಲೆ ನಿಂತಿತು. ಪೆಟ್ರೋಲು ವಾಸನೆ ಬಂತೋ, ನನಗೆ ಹಾಗೆ ಅನ್ನಿಸಿತೋ. ಕಿಟಕಿಯಿಂದ ನೋಡಿದೆ. ಬೈಕು ತಿರುವಿನಲ್ಲಿ ಹೋಯಿತು. ಬೆನ್ನು ಕಂಡಿತು, ಬಿಳಿ ಟೋಪಿ ಕಂಡಿತು.

ರೋಲಂಡ್‌ಗೆ ಹೇಳಲಿಲ್ಲ. ಹೇಳಿದ್ದರೆ ಒದ್ದೆ ಮೈಯಲ್ಲೇ ಓಡುತ್ತಿದ್ದ. ಸ್ನಾನ ಮುಗಿಸಲಿ, ನಿದ್ದೆ ಮಾಡಲಿ ಅಂದುಕೊಂಡೆ. ಅದು ನನ್ನ ಲೆಕ್ಕಕ್ಕೇ ಇರಲಿ. ಬೇರೆ ಯಾರಿಗೂ ಅದನ್ನು ಹೊರಿಸುವುದಿಲ್ಲ.

ಬೆಳಗ್ಗೆ ಆರಕ್ಕೆ ಅವನು ಹೋದ. ಎಂಟಕ್ಕೆ ನಾನು ಫ್ಲಾಸ್ಕಿನಲ್ಲಿ ಚಹಾ ಒಯ್ದೆ. ಅಂಕಣದ ಮೇಲೆ ಚಕ್ರದ ಗೀರು ಬಳ್ಳಿಯ ಹಾಗೆ ಸುತ್ತಿಕೊಂಡಿತ್ತು, ಮಣ್ಣು ಎದ್ದಿತ್ತು. ನಡುವಿನ ಉಬ್ಬಿನ ಮೇಲೆ ಮಂಚದಷ್ಟು ಅಗಲಕ್ಕೆ ಹುಲ್ಲು ಸುಟ್ಟು ಕರಿ. ರೋಲಂಡ್ ಅದರ ಅಂಚಿನಲ್ಲಿ ಮಂಡಿಯೂರಿದ್ದ, ಕೈಯಲ್ಲಿ ಮಣ್ಣು ಎತ್ತುವ ಮುಳ್ಳುಸಲಿಕೆ. ಹಣೆ ನೆಲಕ್ಕೆ ತಾಗಿತ್ತು. ಹುಲ್ಲಿನ ಬುಡ ನೋಡುತ್ತಿದ್ದಾನೆ ಅಂದುಕೊಂಡೆ. ಅವನು ಯಾವಾಗಲೂ ಹಾಗೆ ನೋಡುವವನು. "ಚಹಾ ಆರತ್ತೆ," ಅಂದೆ. ಎರಡು ಸಲ ಅಂದೆ.

ಹೃದಯ ಎಂದು ವೈದ್ಯರು ಬರೆದರು. ಸಾವಿನ ವಿಚಾರಣೆ ಮಾಡಿದ ಅಧಿಕಾರಿ ಸಹಜ ಸಾವು ಎಂದು ಬರೆದರು. ಕರ್ಟಿಸ್‌ನ ಮೂವರು ಗೆಳೆಯರು ಅವನು ಆ ಸಂಜೆ ತಮ್ಮ ಜೊತೆ ಟಿವಿ ನೋಡುತ್ತಿದ್ದ ಎಂದು ಹೇಳಿದರು. ನಮ್ಮ ಬಡಾವಣೆಗೆ ಬರುವ ಪೊಲೀಸು ಇಮ್ತಿಯಾಜ್, ಅವನಿಗೂ ನಾನೇ ಬಡಿಸಿದ್ದೆ. ಅವನು ನನ್ನ ಅಡುಗೆಮನೆಯಲ್ಲಿ ಟೋಪಿ ತೆಗೆದು ಕೂತ.

"ಬೆರಿಲ್ ಆಂಟಿ, ಟೋಪಿ ಮುಖ ಅಲ್ಲ. ಆ ಟೋಪಿ ಇಲ್ಲಿ ನಲವತ್ತು ಹುಡುಗರ ತಲೆ ಮೇಲಿದೆ."

"ನಲವತ್ತು ಹುಡುಗರ ಬೆನ್ನು ನನಗೆ ಗೊತ್ತು. ಸಾಲಲ್ಲಿ ನಿಲ್ಲಿಸಿ ಬಡಿಸಿದೀನಿ."

"ಕೋರ್ಟಲ್ಲಿ ಬೆನ್ನು ನಡಿಯಲ್ಲ ಆಂಟಿ."

ಕೊಲೆ ಇಲ್ಲ, ಸುಟ್ಟವರು ಇಲ್ಲ. ಹುಲ್ಲು ತಾನೇ ಸುಟ್ಟುಕೊಂಡಿತು, ಗಂಡ ತಾನೇ ಸತ್ತ.

ಅವತ್ತಿನಿಂದ ನನಗೆ ಬೇಕಾದದ್ದು ಒಂದೇ. ಕರ್ಟಿಸ್ ಪ್ಲಾಟ್ ಜೈಲಿಗೆ ಹೋಗಬೇಕು. ಯಾವ ಕಾರಣಕ್ಕಾದರೂ ಸರಿ. ಬಾಗಿಲು ಹಾಕುವ ಸದ್ದು ಅವನಿಗೆ ಕೇಳಿಸಬೇಕು. ನನ್ನ ತಂಗಿ ಬಂದು, "ಬಿಡೇ, ದೇವರು ನೋಡ್ಕೋತಾನೆ" ಅಂದಳು. "ದೇವರಿಗೆ ಬೇರೆ ಕೆಲಸ ಇದೆ. ನನಗಿಲ್ಲ" ಅಂದೆ.

ನನ್ನ ಹತ್ತಿರ ಇದ್ದದ್ದು ಆ ಆದೇಶ ಮಾತ್ರ. ಅದರಲ್ಲಿ ಇನ್ನೂ ಒಂದು ವರ್ಷಕ್ಕೆ ಮೇಲೆ ಬಾಕಿ ಇತ್ತು. ರೋಲಂಡ್ ಬರೆದ ಮೇಲೆ ಮಿಕ್ಕಿದ್ದ ಖಾಲಿ ದಿನಚರಿ ಹಾಳೆಗಳು ಡ್ರಾಯರಿನಲ್ಲಿದ್ದವು. ಕುರ್ಚಿ ತೆಗೆದುಕೊಂಡು ಹಿಂದಿನ ಮಲಗುವ ಕೋಣೆಯ ಕಿಟಕಿಗೆ ಹಾಕಿದೆ. ಅಲ್ಲಿಂದ ಲಾರ್ಚ್ ರಸ್ತೆ ಪೂರ್ತಿ ಕಾಣುತ್ತದೆ.

ಜುಲೈ, ಆಗಸ್ಟ್ ಏನೂ ಇಲ್ಲ. ಅಂಕಣ ಸುಟ್ಟಮೇಲೆ ಅವನು ಗೆರೆಗೆ ಹೆದರಿದ ಅಂತ ಜನ ಅಂದರು. ಗೆರೆಗಲ್ಲ, ಸಾವಿಗೆ ಹೆದರಿದ್ದ. ಸೆಪ್ಟೆಂಬರಿನಲ್ಲಿ ಒಂದು ಬೆಳಗ್ಗೆ ಏಳಕ್ಕೆ ಹಿಂದಿನ ಓಣಿಯಿಂದ ಟೋಪಿ ಇಲ್ಲದ ಒಬ್ಬ ಬಂದ. ಬೇಲಿ ಹಾರಿ ವಿನಿಯ ಹಿತ್ತಲಿಗೆ ಇಳಿದ. ಹದಿನೈದು ನಿಮಿಷಕ್ಕೆ ಹೊರಗೆ ಬಂದು ಹಾಗೇ ಹೋದ. ಮರುದಿನವೂ ಬಂದ. ಅದರ ಮರುದಿನವೂ.

ಏನು ಮಾಡಲು ಬರುತ್ತಾನೆ ಎಂದು ನೋಡಬೇಕಾಯಿತು. ನಾಲ್ಕನೇ ದಿನ ನಾನೂ ಓಣಿಗೆ ಹೋಗಿ ಬೇಲಿಯ ಸಂದಿನಲ್ಲಿ ನಿಂತೆ. ವಿನಿಯ ಮಂಚ ಕೆಳಗಿನ ಕೋಣೆಗೆ ಬಂದಿತ್ತು, ಪರದೆ ಸರಿದಿತ್ತು. ಅವಳು ಹಾಸಿಗೆಯ ಮೇಲೆ ಕೂತು ಕಾಲು ಚಾಚಿದ್ದಳು. ಅವನು ಮಂಡಿಯೂರಿ ಅವಳ ಕಾಲಿಗೆ ಉದ್ದನೆಯ ಬಿಗಿ ಸ್ಟಾಕಿಂಗ್ಸ್ ಏರಿಸುತ್ತಿದ್ದ. ರಕ್ತ ಕೆಳಗೆ ಇಳಿದು ಕಾಲು ಊದುವವರಿಗೆ ಆಸ್ಪತ್ರೆಯವರು ಕೊಡುವ ಸ್ಟಾಕಿಂಗ್ಸ್. ನನ್ನ ತಾಯಿಗೂ ಇದ್ದವು. ಕಾಲು ಹಾಸಿಗೆಯಿಂದ ಕೆಳಗಿಡುವ ಮೊದಲೇ ಹಾಕಬೇಕು. ಬಲ ಬೇಕು.

"ಮೆಲ್ಲಗೆ ಕಣೋ, ಕೋಳಿ ಪುಕ್ಕ ಕಿತ್ತ ಹಾಗೆ ಎಳೀತೀಯ," ಅಂದಳು ವಿನಿ.

"ಕೋಳಿ ಇಷ್ಟು ಮಾತಾಡಲ್ಲ ಅಜ್ಜಿ," ಅಂದ ಅವನು.

ನಾನು ಮನೆಗೆ ಬಂದು ಹಾಳೆ ತೆಗೆದು ಬರೆದೆ. ದಿನ, ಹೊತ್ತು, ಬಂದದ್ದು, ಹೋದದ್ದು. ಸ್ಟಾಕಿಂಗ್ಸ್ ಬಗ್ಗೆ ಬರೆಯಲಿಲ್ಲ. ಹಾಳೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಇಪ್ಪತ್ತೊಂದು ಬೆಳಗ್ಗೆ ಬರೆದೆ. ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಇಮ್ತಿಯಾಜ್‌ಗೆ ಕೊಟ್ಟೆ. ಅವನು ಓದಿ ಹಾಳೆಗಳನ್ನು ಮೇಜಿನ ಮೇಲೆ ತಿರುಗಿಸಿಟ್ಟ.

"ಅಜ್ಜಿ ಮನೆಗೆ ಹೋಗಿದಾನೆ ಆಂಟಿ."

"ಗೆರೆ ಮೇಲಿದೆಯೋ ಇಲ್ವೋ?"

"ಇದೆ. ಆದ್ರೆ..."

"ಆದ್ರೆ ಅಂತ ಆದೇಶದಲ್ಲಿ ಬರೆದಿದೆಯಾ?"

"ಕಳ್ಳತನ ಮಾಡ್ಲಿಲ್ಲ, ಕಲ್ಲು ಎಸೀಲಿಲ್ಲ. ಇದಕ್ಕೆ ಹಿಡ್ಕೊಂಡು ಹೋದ್ರೆ ನನಗೇ ನಾಚಿಕೆ."

"ನಿನಗೆ ನಾಚಿಕೆ ಆದ್ರೆ ಬೇರೆ ಪೊಲೀಸ್ ಕಳಿಸು. ಕಳಿಸದಿದ್ರೆ ಇದೇ ಹಾಳೆ ಪೇಪರ್‌ನವರಿಗೆ ಕೊಡ್ತೀನಿ. ವಿಧವೆ ದೂರು ಕೊಟ್ಟಳು, ಪೊಲೀಸು ಚಹಾ ಕುಡಿದು ಹೋದ ಅಂತ ಹಾಕ್ತಾರೆ."

ಅವನು ಚಹಾ ಪೂರ್ತಿ ಕುಡಿಯದೆ ಎದ್ದ. ಮರುದಿನ ಏಳು ಹತ್ತಕ್ಕೆ ಇಬ್ಬರು ಬಂದು ಕರ್ಟಿಸ್‌ನನ್ನು ಬೇಲಿಯ ಮೇಲೇ ಹಿಡಿದರು. ನಾನು ಕಿಟಕಿಯಲ್ಲಿದ್ದೆ. ಪರದೆ ಸರಿಸಿಯೇ ನಿಂತಿದ್ದೆ, ಅವನಿಗೆ ಕಾಣಲಿ ಎಂದು. ಕಂಡೆ.

ಫೆಬ್ರವರಿಯಲ್ಲಿ ವಿಚಾರಣೆ. ಅಲ್ಲಿಯವರೆಗೆ ಜಾಮೀನು ಕೊಟ್ಟು, ಬೆಳಗ್ಗೆ ಹದಿನೈದು ನಿಮಿಷ ಮಾತ್ರ ಅಜ್ಜಿ ಮನೆಗೆ ಹೋಗಲು ಬಿಟ್ಟಿದ್ದರು. ದೊಡ್ಡ ಕೋರ್ಟು, ಬಿಳಿ ವಿಗ್ಗಿನ ಜಡ್ಜು, ತೀರ್ಪು ಹೇಳಲು ಹನ್ನೆರಡು ಜನ. ಅವನ ಪರ ವಕೀಲನಿಗೆ ನೆಗಡಿ. ಆ ವಕೀಲ ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ಎಲ್ಲರಿಗೂ ತೋರಿಸಿದ. ಗೆರೆಯ ದಪ್ಪ ನಾಲ್ಕು ಮಿಲಿಮೀಟರ್. ನೆಲದ ಮೇಲೆ ಅದು ಮೂವತ್ತಮೂರು ಅಡಿ. ವಿನಿಯ ಮನೆ ಇಡೀ ಆ ಗೆರೆಯ ಹೊಟ್ಟೆಯಲ್ಲಿದೆ. ಗೆರೆ ಎಳೆದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದೇ ಪ್ರಶ್ನೆ ಅಂದ. ಡೆನೀಸ್ ಮದುವೆಯಾಗಿ ಆಸ್ಟ್ರೇಲಿಯಕ್ಕೆ ಹೋಗಿದ್ದಳು. ಅಂಥ ನಕಾಶೆ ನೂರಾರು ಮಾಡಿದ್ದೆ, ನೆನಪಿಲ್ಲ ಎಂದು ಬರೆದು ಕಳಿಸಿದ್ದಳು. ವಿನಿಯನ್ನು ಗಾಲಿಕುರ್ಚಿಯಲ್ಲಿ ತಂದರು. ನಿನ್ನ ಮನೆಯನ್ನು ಗೆರೆಯಿಂದ ಹೊರಗೆ ಬಿಡಿಸಿದ್ದೇನೆ ಎಂದು ರೋಲಂಡ್ ನನಗೇ ಹೇಳಿದ್ದ ಅಂದಳು. ಸರ್ಕಾರಿ ವಕೀಲರು ಮೆತ್ತಗೆ ಒಂದೇ ಕೇಳಿದರು, ನಿಮ್ಮ ಮೊಮ್ಮಗನ ಮೇಲೆ ನಿಮಗೆ ತುಂಬ ಪ್ರೀತಿ ಅಲ್ಲವೇ ಎಂದು. ಹೌದು ಅಂದಳು. ಅಲ್ಲಿಗೆ ಅವಳ ಮಾತು ಮುಗಿಯಿತು.

ಉಳಿದವಳು ನಾನು. ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದೆ. ನೆಗಡಿಯ ವಕೀಲ ಎದ್ದ.

"ಶ್ರೀಮತಿ ಹಾವರ್ತ್, ಆ ಗೆರೆ ಎಳೆಯೋವಾಗ ನೀವು ಕೋಣೆಯಲ್ಲಿ ಇದ್ರಾ?"

"ನನ್ ಅಡುಗೆಮನೆ. ಇದ್ದೆ."

"ವಿನಿ ಪ್ಲಾಟ್ ಅವರ ಮನೆ ಬಗ್ಗೆ ನಿಮ್ಮ ಯಜಮಾನರು ಏನಾದ್ರೂ ಹೇಳಿದ್ರಾ?"

"ಇಲ್ಲ."

"ಒಂದು ಮಾತೂ ಇಲ್ವಾ?"

"ಬಿಸ್ಕೆಟ್ ಇದೆಯಾ ಅಂತ ಕೇಳಿದ್ರು."

ಯಾರೋ ನಕ್ಕರು. ಹನ್ನೆರಡು ಜನರಲ್ಲಿ ಇಬ್ಬರು ನಕ್ಕರು. ವಕೀಲ ಮೂಗು ಒರೆಸಿಕೊಂಡು ಕೂತ. ಕರ್ಟಿಸ್ ಗಾಜಿನ ಹಿಂದೆ ನಿಂತಿದ್ದ. ನನ್ನನ್ನು ನೋಡುತ್ತಾನೆ, ಹಲ್ಲು ಕಿರಿಯುತ್ತಾನೆ, ಆಗ ನಾನೂ ಹಲ್ಲು ಕಿರಿಯಬೇಕು ಎಂದು ಎಂಟು ತಿಂಗಳು ಕಾದಿದ್ದೆ. ಅವನು ಅಜ್ಜಿಯನ್ನು ನೋಡುತ್ತಿದ್ದ.

ಹದಿನಾಲ್ಕು ತಿಂಗಳು ಕೊಟ್ಟರು. ಮೇಲೆ ಆದೇಶವನ್ನು ಐದು ವರ್ಷಕ್ಕೆ ಏರಿಸಿದರು. ಹೊಸ ನಕಾಶೆ ಮಾಡಿಸಿದರು, ಯಂತ್ರದ ಗೆರೆ, ಕೂದಲಿನಷ್ಟು ಸಣ್ಣ. ಲಾರ್ಚ್ ರಸ್ತೆ ಪೂರ್ತಿ ಅದರ ಒಳಗೆ. ಏನಾದರೂ ಹೇಳುವುದಿದೆಯೇ ಎಂದು ಜಡ್ಜು ಕೇಳಿದರು.

"ಅಜ್ಜಿಗೆ ಸ್ಟಾಕಿಂಗ್ಸ್ ಯಾರು ಹಾಕ್ತಾರೆ?" ಅಂದ.

ಸಂಬಂಧಪಟ್ಟವರು ವ್ಯವಸ್ಥೆ ಮಾಡುತ್ತಾರೆ ಅಂದರು ಜಡ್ಜು.

ಬಸ್ಸಿನಲ್ಲಿ ಮನೆಗೆ ಬಂದೆ. ಮೀನು, ಆಲೂ ಕರಿದದ್ದು ತಂದು ಕಾಗದದಿಂದಲೇ ತಿಂದೆ. ಹೊಟ್ಟೆ ತುಂಬ ತಿಂದೆ. ಅಷ್ಟು ರುಚಿಯಾದ ಮೀನು ಆ ವರ್ಷ ತಿಂದಿರಲಿಲ್ಲ. ಇದನ್ನು ಬರೆಯಬಾರದು ಅಂದಳು ನನ್ನ ತಂಗಿ. ಯಾಕೆ ಬರೆಯಬಾರದು. ರುಚಿಯಾಗಿತ್ತು.

ಒಂಬತ್ತನೇ ದಿನ ಬೆಳಗ್ಗೆ ಬಾಗಿಲು ಬಡಿದ ಸದ್ದು. ವಿನಿ. ಮನೆಯ ಚಪ್ಪಲಿಯಲ್ಲಿ, ರಾತ್ರಿ ಅಂಗಿಯ ಮೇಲೆ ಕೋಟು ಹಾಕಿಕೊಂಡು, ಗೋಡೆ ಹಿಡಿದುಕೊಂಡು ಇಡೀ ಲಾರ್ಚ್ ರಸ್ತೆ ನಡೆದು ಬಂದಿದ್ದಳು. ಎಂಬತ್ತೊಂದು ವರ್ಷ. ಕೈಯಲ್ಲಿ ಆ ಸ್ಟಾಕಿಂಗ್ಸ್.

"ಕಾಲು ನೋಡು," ಅಂದಳು.

ನೋಡಿದೆ. ಮೊಣಕಾಲಿನಿಂದ ಕೆಳಗೆ ಕೆಂಪಾಗಿ ಹೊಳೆಯುತ್ತಿತ್ತು. ಒಂದು ಕಡೆ ಚರ್ಮ ಬಿರಿದು ನೀರು ಬರುತ್ತಿತ್ತು.

"ನರ್ಸ್ ಬರಲ್ವಾ?"

"ಹನ್ನೊಂದೂವರೆಗೆ ಬರ್ತಾಳೆ. ಅಷ್ಟೊತ್ತಿಗೆ ಇದು ಹಂದಿ ತೊಡೆ ಆಗಿರುತ್ತೆ. ಅವಳು ನೋಡಿ, ಅಯ್ಯೋ ಏರಲ್ಲ ಅಜ್ಜಿ ಅಂತ ಬರ್ಕೊಂಡು ಹೋಗ್ತಾಳೆ. ಉಚ್ಚೆಗೆ ಏಳದೆ ಹನ್ನೊಂದೂವರೆ ತನಕ ಮಲಗಿರ್ತೀಯಾ ನೀನು?"

"ಅದಕ್ಕೆ ನಾನೇನ್ ಮಾಡ್ಲಿ?"

"ಹಾಕ್ತಿದ್ದವನನ್ನ ಕಳಿಸಿದ್ದು ನೀನು. ಇನ್ಮೇಲೆ ನೀನೇ ಹಾಕು."

"ನಿನ್ ಮೊಮ್ಮಗ ನನ್ ಗಂಡನ್ನ ಕೊಂದ, ವಿನಿ."

"ಹುಲ್ಲು ಸುಟ್ಟಿದ್ದಾನೆ. ನಾನು ಅವನ ಬಾಯಿಂದಲೇ ಕಕ್ಕಿಸಿದೆ. ಕೆನ್ನೆಗೆ ಹೊಡೆದೂ ಹೊಡೆದೆ. ಅದಕ್ಕೆ ಜೈಲು ಹಾಕ್ಸಿದ್ರೆ ನಾನೇ ಬಟ್ಟೆ ಮಡಚಿ ಕೊಡ್ತಿದ್ದೆ. ನೀನು ಹಾಕ್ಸಿದ್ದು ನನ್ ಕಾಲಿಗೆ."

ನಾನು ಬಾಗಿಲು ಹಿಡಿದು ನಿಂತಿದ್ದೆ. ಅವನೇ ಸುಟ್ಟದ್ದು ಎಂದು ಅವತ್ತು ಮೊದಲ ಸಲ ಒಂದು ಬಾಯಿ ಹೇಳಿತು. ನನಗೆ ಮೊದಲೇ ಗೊತ್ತಿದ್ದದ್ದು.

"ಇದನ್ನ ಪೊಲೀಸಿಗೆ ಹೇಳ್ತೀಯಾ?" ಅಂದೆ.

"ನೀನು ಬಿಸ್ಕೆಟ್ ವಿಷಯ ಹೇಳಿದ್ಯಲ್ಲ, ಅಷ್ಟೇ ನಾನೂ ಹೇಳ್ತೀನಿ."

ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮುದುಕಿ ಅಲ್ಲೇ ಗೋಡೆಗೆ ಒರಗಿದಳು. ಎದುರು ಮನೆಯ ಪರದೆ ಅಲುಗಾಡಿತು. ಕೊನೆಗೆ ಒಳಗೆ ಕರೆದು ಸೋಫಾದ ಮೇಲೆ ಕಾಲು ಎತ್ತಿಸಿ ಒಂದು ಗಂಟೆ ಮಲಗಿಸಿದೆ. ಊತ ಸ್ವಲ್ಪ ಇಳಿದ ಮೇಲೆ ಗಾಯಕ್ಕೆ ಬಟ್ಟೆ ಸುತ್ತಿ ಸ್ಟಾಕಿಂಗ್ಸ್ ಹಾಕಿದೆ. ಅವಳು ಕೃತಜ್ಞತೆ ಹೇಳಲಿಲ್ಲ. ನಾನು ಅದನ್ನು ಕಾಯಲೂ ಇಲ್ಲ. ಬಾಗಿಲಲ್ಲಿ ತನ್ನ ಮನೆಯ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟು, "ಏಳು ಗಂಟೆ. ತಡ ಮಾಡ್ಬೇಡ," ಅಂದಳು.

ಕರುಣೆಯಿಂದ ಹೋದೆ ಎಂದು ಯಾರೂ ಅಂದುಕೊಳ್ಳಬಾರದು. ಹೋಗದಿದ್ದರೆ ಅವಳು ದಿನಾ ರಸ್ತೆಯಲ್ಲಿ ನಡೆದು ಬರುತ್ತಿದ್ದಳು. ಬಿದ್ದರೆ ಜನ ನನ್ನ ಬಾಗಿಲಲ್ಲಿ ಬಿದ್ದಳು ಎನ್ನುತ್ತಿದ್ದರು. ಅದನ್ನೂ ಲೆಕ್ಕ ಹಾಕಿಯೇ ಅವಳು ಬಂದದ್ದು. ಸೇಡು ನನಗೊಬ್ಬಳಿಗೇ ಬರುತ್ತದೆಯೇ.

ಕಳೆದ ತಿಂಗಳು ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಪ್ರಶ್ನೆಪಟ್ಟಿ ಹಿಡಿದು ಬಂದಿದ್ದಳು. ಒಳ್ಳೆಯ ಹುಡುಗಿ, ಬೂಟು ಹೊರಗೆ ಬಿಟ್ಟು ಬಂದಳು. ಕೋರ್ಟಿನ ಆದೇಶಗಳಿಂದ ಹುಡುಗರು ಹೆದರಿ ಸರಿಹೋಗುತ್ತಾರೆಯೇ, ಒಂದರಿಂದ ಐದರವರೆಗೆ ಒಂದು ಅಂಕಿ ಹೇಳಿ ಅಂದಳು.

"ಹುಲ್ಲು ಸುಡುವಾಗ ಹೆದರ್ಲಿಲ್ಲ. ಅಜ್ಜಿ ಹತ್ರ ಹೋಗುವಾಗ್ಲೂ ಹೆದರ್ಲಿಲ್ಲ," ಅಂದೆ.

"ಹಾಗಾದ್ರೆ ಒಂದು ಅಂತ ಬರ್ಕೊಳ್ಲಾ?"

"ಅದು ಹೆದರಿಸೋಕಲ್ಲ ಪುಟ್ಟಾ. ಹಿಡಿಯೋಕೆ. ಇಲಿಬೋನು ನೋಡಿ ಇಲಿ ಒಳ್ಳೇದಾಗುತ್ತಾ?"

"ಅದಕ್ಕೆ ಅಂಕಿ ಇಲ್ಲ," ಅಂದಳು. ಪಾಪ, ಅವಳ ಹಾಳೆಯಲ್ಲೂ ಜಾಗ ಇರಲಿಲ್ಲ.

ರೋಲಂಡ್ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಇಮ್ತಿಯಾಜ್ ಒಮ್ಮೆ ಕೇಳಿದ. ಏನೂ ಅನ್ನುತ್ತಿರಲಿಲ್ಲ. ಎದ್ದು ಅಂಕಣಕ್ಕೆ ಹೋಗುತ್ತಿದ್ದ, ಮೂರು ದಿನ ನನ್ನ ಜೊತೆ ಮಾತು ಬಿಡುತ್ತಿದ್ದ. ನನಗೆ ಗೊತ್ತು. ಆದರೆ ಅವನು ಇಲ್ಲ, ಅದೇ ವಿಷಯ. ಇದ್ದಿದ್ದರೆ ನಾನು ಯಾಕೆ ಕಿಟಕಿಗೆ ಕುರ್ಚಿ ಹಾಕುತ್ತಿದ್ದೆ. ಮತ್ತೆ ಪ್ರಮಾಣ ಮಾಡಿಸಿ ಕೇಳಿದರೂ ಬಿಸ್ಕೆಟ್ ಎಂದೇ ಹೇಳುತ್ತೇನೆ.

ಅರ್ಧ ಶಿಕ್ಷೆಗೇ ಬಿಟ್ಟರು, ಕರ್ಟಿಸ್ ಏಳು ತಿಂಗಳಿಗೆ ಹೊರಗೆ ಬಂದ. ಈಗ ಟೈರ್ ಅಂಗಡಿಯಲ್ಲಿ ಕೆಲಸ. ಬೆಳಗ್ಗೆ ಏಳರ ಹೊತ್ತಿಗೆ ಹೊಸ ಗೆರೆಯ ಹೊರಗಿನ ಬಸ್ ನಿಲ್ದಾಣದಲ್ಲಿ ನಿಲ್ಲುತ್ತಾನೆ. ಅವನ ಬಸ್ಸು ಏಳೂವರೆಗೆ. ಅರ್ಧ ಗಂಟೆ ಮೊದಲೇ ಯಾಕೆ ಬರುತ್ತಾನೆ ಎಂದು ನನಗೆ ಗೊತ್ತು. ನಾನು ಅವನ ಅಜ್ಜಿಯ ಬಾಗಿಲಿಗೆ ಬೀಗದ ಕೈ ಹಾಕುವುದನ್ನು ನೋಡುತ್ತಾನೆ. ಬೈಯುವುದಿಲ್ಲ, ಉಗುಳುವುದಿಲ್ಲ. ಮೂವತ್ತು ಹೆಜ್ಜೆ ದೂರ. ಒಂದು ಹೆಜ್ಜೆ ಈಚೆ ಇಟ್ಟರೆ ನಾನು ಫೋನ್ ಮಾಡುತ್ತೇನೆ, ಅದೂ ಅವನಿಗೆ ಗೊತ್ತು. ಅವನು ಇಡುವುದಿಲ್ಲ. ಹಾಗೆ ನೋಡಿದರೆ ಈಗ ಹೆದರಿದ್ದಾನೆ. ಆ ಹುಡುಗಿಗೆ ಇದನ್ನು ಹೇಳಲು ಮರೆತೆ.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ವಿನಿ ಎದ್ದಿರುತ್ತಾಳೆ, ಕಾಲು ಹಾಸಿಗೆಯ ಮೇಲೇ ಇರುತ್ತದೆ. "ಬಂದಿದಾನಾ?" ಅನ್ನುತ್ತಾಳೆ. "ಬಂದಿದಾನೆ" ಅನ್ನುತ್ತೇನೆ. "ಟೋಪಿ ಹಾಕಿದಾನಾ? ಚಳಿ." "ಹಾಕಿದಾನೆ." ಅಷ್ಟೇ ಮಾತು. ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗವಸು ಹಾಕಿಕೊಳ್ಳುತ್ತೇನೆ, ಇಲ್ಲದಿದ್ದರೆ ಬಟ್ಟೆ ಜಾರುತ್ತದೆ. ಅವಳ ಕಾಲಿಗೆ ಪೌಡರ್ ಹಾಕುತ್ತೇನೆ. ಸ್ಟಾಕಿಂಗ್ಸನ್ನು ಹಿಮ್ಮಡಿಯವರೆಗೆ ಒಳಮಗ್ಗುಲು ಹೊರಗೆ ಮಾಡಿ, ಮಂಡಿಯೂರಿ, ಎಡಗಾಲಿನ ಬೆರಳಿನಿಂದ ಶುರುಮಾಡಿ ಏರಿಸುತ್ತೇನೆ. ಒಂದು ಸುಕ್ಕೂ ಉಳಿಯಬಾರದು, ಉಳಿದರೆ ಅಲ್ಲಿ ಚರ್ಮ ಒಡೆಯುತ್ತದೆ. ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ನೀವುತ್ತೇನೆ. ಆಮೇಲೆ ಬಲಗಾಲು.